ಚೆಟ್ರಿಯ ವಯಸ್ಸಿನ ಹಿಂದೆ ಅಡಗಿದವರು

ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 2024ರ ಜೂನ್ 6ರಂದು ಕುವೈತ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯ ಗೋಲಿಲ್ಲದೆ ಮುಗಿದಾಗ ಸುನಿಲ್ ಚೆಟ್ರಿ ಕಣ್ಣೊರೆಸಿಕೊಳ್ಳುತ್ತ ಮೈದಾನ ಬಿಟ್ಟರು. 19 ವರ್ಷ, 151 ಪಂದ್ಯ, 94 ಗೋಲು. ಅಷ್ಟು ಸಾಕು ಎಂದು ಅವರೇ ಹೇಳಿದ್ದರು, ದೇಶವೂ ಒಪ್ಪಿಕೊಂಡಿತ್ತು. ಸರಿಯಾಗಿ ಒಂಬತ್ತು ತಿಂಗಳು ಕಳೆದು, 2025ರ ಮಾರ್ಚ್ 6ರಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸಂಭ್ರಮದ ಪ್ರಕಟಣೆಯೊಂದನ್ನು ಹೊರಡಿಸಿತು: ಚೆಟ್ರಿ ಮತ್ತೆ ಬರುತ್ತಿದ್ದಾರೆ.

ನಲವತ್ತು ದಾಟಿದ ಆಟಗಾರನನ್ನು ಮನೆಯಿಂದ ಕರೆತರಬೇಕಾಗಿ ಬಂದದ್ದಕ್ಕೆ ನಾಚಿಕೆಪಡಬೇಕಿದ್ದ ಸಂಸ್ಥೆ ಅದನ್ನು ಹಬ್ಬದಂತೆ ಸಾರಿತು. ಭಾರತೀಯ ಫುಟ್‌ಬಾಲ್‌ನ ಸ್ಥಿತಿ ಅರಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಅಂದಿನಿಂದ ನಡೆದಿರುವ ಚರ್ಚೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ. ಈ ಮನುಷ್ಯ ಯಾವಾಗ ನಿಲ್ಲಿಸುತ್ತಾರೆ? ‘ಕಾಲು ಆಡುವವರೆಗೆ ಆಡಲಿ’ ಎಂಬ ಅಭಿಮಾನಿಗಳು ಒಂದು ಕಡೆ, ‘ಹುಡುಗರಿಗೆ ಜಾಗ ಬಿಡಲಿ’ ಎಂಬ ಟೀಕಾಕಾರರು ಇನ್ನೊಂದು ಕಡೆ. ಇಬ್ಬರ ಗದ್ದಲದ ನಡುವೆ ನೆಮ್ಮದಿಯಾಗಿ ಕುಳಿತವರು ಮಾತ್ರ ಬೇರೆಯೇ ಇದ್ದಾರೆ. ಚೆಟ್ರಿಯ ವಯಸ್ಸಿನ ಬಗ್ಗೆ ಜನ ಜಗಳವಾಡುವಷ್ಟು ಕಾಲ ಫೆಡರೇಷನ್ನಿನ ಆಡಳಿತವನ್ನು ಯಾರೂ ಕೇಳುವುದಿಲ್ಲವಲ್ಲ.

ಜಾಗದ ಮಾತನ್ನೇ ಮೊದಲು ನೋಡೋಣ. ಚೆಟ್ರಿ ನಿವೃತ್ತರಾದ ಹನ್ನೊಂದೇ ದಿನಕ್ಕೆ ಕೋಚ್ ಇಗೊರ್ ಸ್ಟಿಮಾಚ್ ವಜಾಗೊಂಡರು. ಆ ಸ್ಥಾನಕ್ಕೆ ಬಂದ ಮನೊಲೊ ಮಾರ್ಕೆಜ್ ಅದೇ ಹೊತ್ತಿಗೆ ಎಫ್‌ಸಿ ಗೋವಾ ತಂಡದ ಕೋಚ್ ಕೂಡ ಆಗಿದ್ದರು. ಅಂದರೆ ದೇಶದ ತಂಡ ಅವರಿಗೆ ಅರ್ಧ ದಿನದ ಕೆಲಸ! ಅವರ ಮೊದಲ ನಾಲ್ಕು ಪಂದ್ಯಗಳಲ್ಲಿ ಮಾರಿಷಸ್ ವಿರುದ್ಧ ಗೋಲಿಲ್ಲ, ಸಿರಿಯಾ ವಿರುದ್ಧ ಗೋಲಿಲ್ಲ, ವಿಯೆಟ್ನಾಂ ಮತ್ತು ಮಲೇಷ್ಯಾ ವಿರುದ್ಧ ಒಂದೊಂದು. ಮಲೇಷ್ಯಾ ವಿರುದ್ಧದ ಆ ಒಂದು ಗೋಲನ್ನು ಹೊಡೆದದ್ದು ಡಿಫೆಂಡರ್ ರಾಹುಲ್ ಭೇಕೆ. 2024ರಲ್ಲಿ ಭಾರತ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಚೆಟ್ರಿ ಜಾಗ ಬಿಟ್ಟಿದ್ದರು. ಒಂಬತ್ತು ತಿಂಗಳು ಅದು ಖಾಲಿ ಬಿದ್ದಿತ್ತು. ಬಂದು ಕೂರುವವರು ಸಿದ್ಧರಿರಲಿಲ್ಲ.

ಯಾಕಿರಲಿಲ್ಲ ಎಂಬುದಕ್ಕೆ ಉತ್ತರ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ದಾಖಲೆಪುಟದಲ್ಲಿದೆ. 2014ರಲ್ಲಿ ಲೀಗ್ ಶುರುವಾದಾಗಿನಿಂದ 2024-25ರವರೆಗೆ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ದಕ್ಕಿಲ್ಲ. ಎಲಾನೊ, ಕೊರೊಮಿನಾಸ್, ಒಗ್ಬೆಚೆ, ಡಿಯಾಮಂಟಾಕೋಸ್, ಅಜಾರಿ — ಪಟ್ಟಿಯುದ್ದಕ್ಕೂ ಹೊರದೇಶದ ಹೆಸರುಗಳು. ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಇಳಿಸಬಹುದೆಂದರೆ ಯಾವ ಕ್ಲಬ್ಬೂ ಮೊದಲು ತುಂಬುವುದು ಗೋಲು ಹೊಡೆಯುವ ಜಾಗವನ್ನೇ. ವ್ಯಾಪಾರದ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಭಾರತದ ಹುಡುಗ ವಿಂಗರ್ ಆಗುತ್ತಾನೆ, ಇಲ್ಲವೇ ಕೊನೆಯ ಹತ್ತು ನಿಮಿಷದ ಬದಲಿ ಆಟಗಾರನಾಗುತ್ತಾನೆ. ಕ್ಲಬ್ಬಿನಲ್ಲಿ ವಾರವಾರ ಗೋಲಿನ ಮುಂದೆ ನಿಲ್ಲದವನು ದೇಶದ ಅಂಗಿ ತೊಟ್ಟ ತಕ್ಷಣ ಅಲ್ಲಿ ನಿಂತು ಹೊಡೆಯಬೇಕೆಂದರೆ ಹೇಗೆ?

ಗಾಯಗಳ ಪಾಲೂ ಇದರಲ್ಲಿ ಸಣ್ಣದಲ್ಲ. ಒಂದು ಕಾಲಕ್ಕೆ ಚೆಟ್ರಿಯ ವಾರಸುದಾರ ಎನಿಸಿಕೊಂಡಿದ್ದ ಮಿಜೋರಾಂನ ಜೆಜೆ ಲಾಲ್‌ಪೆಖ್ಲುವಾ ಭಾರತಕ್ಕಾಗಿ 23 ಗೋಲು ಹೊಡೆದವರು. 2019ರಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಹಳೆಯ ಜೆಜೆ ಮರಳಿ ಬರಲೇ ಇಲ್ಲ. 2023ರಲ್ಲಿ ಆಟ ನಿಲ್ಲಿಸಿ ಅದೇ ವರ್ಷ ಚುನಾವಣೆ ಗೆದ್ದು ಶಾಸಕರಾದರು, ಚೆಟ್ರಿಗಿಂತ ಆರು ವರ್ಷ ಚಿಕ್ಕವರಾಗಿದ್ದೂ. ಆಶಿಕ್ ಕುರುಣಿಯನ್ 2023ರ ಕಿಂಗ್ಸ್ ಕಪ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಏಷ್ಯನ್ ಕಪ್ಪನ್ನೇ ತಪ್ಪಿಸಿಕೊಂಡರು. ಒಬ್ಬನ ಮಂಡಿ ಕೈಕೊಟ್ಟರೆ ಇನ್ನೊಬ್ಬನಿಲ್ಲ ಎಂಬಷ್ಟು ತೆಳುವಾದ ಪಡೆ ನಮ್ಮದು. ಎಲ್ಲರಿಗಿಂತ ಹಿರಿಯನ ಮೈ ಎಲ್ಲರಿಗಿಂತ ಗಟ್ಟಿಯಾಗಿ ಉಳಿದದ್ದು ಅವನ ತಪ್ಪೇ?

ಹಾಗೆಂದು ಚೆಟ್ರಿಯ ಮರಳುವಿಕೆ ಸರಿ ಎನ್ನಲಾಗದು. ಅದು ತಪ್ಪು ನಿರ್ಧಾರವಾಗಿತ್ತು. ಕರೆದವರ ತಪ್ಪು ಹೆಚ್ಚಿನದು, ಒಪ್ಪಿದವರದು ಕಡಿಮೆಯದು. ಆದರೆ ಸೊನ್ನೆಯಲ್ಲ.

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತ 3-0 ಗೋಲುಗಳಿಂದ ಗೆದ್ದಿತು, ಚೆಟ್ರಿ ತಲೆಯಿಂದ ತಮ್ಮ 95ನೇ ಗೋಲು ಹೊಡೆದರು. ‘ನೋಡಿದಿರಾ?’ ಎಂದರು ಎಲ್ಲರೂ. ಆರೇ ದಿನಕ್ಕೆ ಅದೇ ಮೈದಾನದಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿನ ಅಸಲಿ ಪರೀಕ್ಷೆ ಬಂತು. ಬಾಂಗ್ಲಾದೇಶದ ವಿರುದ್ಧ ಗೋಲಿಲ್ಲದ ಡ್ರಾ. ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋಲು. ಮಾರ್ಕೆಜ್ ಜುಲೈನಲ್ಲಿ ಗಂಟುಮೂಟೆ ಕಟ್ಟಿದರು.

ನಂತರ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಹೊಸ ಕೋಚ್ ಖಾಲಿದ್ ಜಮೀಲ್ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ಗೆ ಚೆಟ್ರಿ ಇಲ್ಲದ ತಂಡ ಒಯ್ದರು. ತಜಿಕಿಸ್ತಾನವನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿದರು, ಮೂರನೇ ಸ್ಥಾನದ ಪಂದ್ಯದಲ್ಲಿ ತಮಗಿಂತ ಬಹಳ ಮೇಲಿನ ರ‍್ಯಾಂಕಿನ ಒಮಾನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿದರು. ಚೆಟ್ರಿ ಇಲ್ಲದೆಯೂ ಬದುಕಿದೆ ಎಂದು ತಂಡಕ್ಕೇ ಮೊದಲ ಬಾರಿ ಅನ್ನಿಸಿರಬಹುದಾದ ಗಳಿಗೆ ಅದು. ಅಕ್ಟೋಬರ್‌ನಲ್ಲಿ ಸಿಂಗಪುರ ವಿರುದ್ಧದ ಎರಡು ಪಂದ್ಯಗಳು ಎದುರಾದೊಡನೆ ಮತ್ತೆ ಚೆಟ್ರಿಗೆ ಕರೆ ಹೋಯಿತು! ಸಿಂಗಪುರದಲ್ಲಿ 1-1. ಆ ಸಮಬಲದ ಗೋಲು ಹೊಡೆದದ್ದು 25ರ ಹರೆಯದ ರಹೀಂ ಅಲಿ, ಅದೂ ಪಂದ್ಯ ಮುಗಿಯುವ ಹೊತ್ತಿಗೆ. ಐದು ದಿನದ ನಂತರ ಗೋವಾದ ಫತೋರ್ಡಾದಲ್ಲಿ ಛಾಂಗ್ಟೆಯ ಗೋಲಿನಿಂದ ಮುಂದಿದ್ದ ಭಾರತ 1-2ರಿಂದ ಸೋತು 2027ರ ಏಷ್ಯನ್ ಕಪ್‌ನಿಂದ ಹೊರಬಿತ್ತು. ಚೆಟ್ರಿ ಎರಡನೇ ಬಾರಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಈ ಸಲ ಗೌರವವಂದನೆಯಿಲ್ಲ, ತುಂಬಿದ ಸಾಲ್ಟ್ ಲೇಕ್ ಇಲ್ಲ.

ಅವರ ನಿಲುವನ್ನು ಅಳೆಯಲು ಕನ್ನಡಿಗರ ಬಳಿ ಒಂದು ಒಳ್ಳೆಯ ಮಾನದಂಡವಿದೆ. 2011ರ ಇಂಗ್ಲೆಂಡ್ ಪ್ರವಾಸದಲ್ಲಿ ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ ಮೂರು ಶತಕ ಹೊಡೆಯುತ್ತಿದ್ದಾಗ, ಎರಡು ವರ್ಷದಿಂದ ಏಕದಿನ ತಂಡದಿಂದ ಹೊರಗಿಟ್ಟಿದ್ದ ಆಯ್ಕೆಗಾರರಿಗೆ ಇದ್ದಕ್ಕಿದ್ದಂತೆ ಅವರ ನೆನಪಾಯಿತು. ಕರೆ ಬಂದಾಗ ದ್ರಾವಿಡ್ ಇಲ್ಲವೆನ್ನಲಿಲ್ಲ. ಆದರೆ ಈ ಸರಣಿ ಮುಗಿದ ಮೇಲೆ ಸೀಮಿತ ಓವರುಗಳ ಆಟಕ್ಕೆ ನಿವೃತ್ತಿ ಎಂದು ಆಯ್ಕೆಯ ಬೆನ್ನಿಗೇ ಘೋಷಿಸಿಬಿಟ್ಟರು. ಕಾರ್ಡಿಫ್‌ನ ಕೊನೆಯ ಏಕದಿನ ಪಂದ್ಯದಲ್ಲಿ 69 ರನ್ ಹೊಡೆದು ಹೊರಟರು. ನಿಮ್ಮ ಅವಸರಕ್ಕೆ ಬರುತ್ತೇನೆ, ನಿಮ್ಮ ಅಭ್ಯಾಸವಾಗುವುದಿಲ್ಲ ಎಂಬ ನಡೆ ಅದು. ಚೆಟ್ರಿ ಅಂಥದೊಂದು ಷರತ್ತು ಹಾಕಬಹುದಿತ್ತು. ಏಷ್ಯನ್ ಕಪ್ ಅರ್ಹತೆಗಾಗಿ ಬಂದೆ ಎಂದರೇ ಹೊರತು ಗೆರೆ ಎಳೆಯಲಿಲ್ಲ. ಹಾಗಾಗಿ ಇಬ್ಬರು ಕೋಚ್‌ಗಳು ಅವರನ್ನು ಬೇಕೆಂದಾಗ ಎಳೆದುಕೊಂಡರು, ಬೇಡವೆಂದಾಗ ಬಿಟ್ಟರು.

ಅನಿಲ್ ಕುಂಬ್ಳೆಯವರ ಪ್ರಕರಣ ಇನ್ನೂ ನೇರ. 2008ರ ನವೆಂಬರ್ 2ರಂದು, ದೆಹಲಿ ಟೆಸ್ಟ್‌ನ ಕೊನೆಯ ದಿನ, ಎಡಗೈ ಕಿರುಬೆರಳಿಗೆ ಹೊಲಿಗೆ ಹಾಕಿಸಿಕೊಂಡಿದ್ದ ನಾಯಕ ಸರಣಿಯ ನಡುವೆಯೇ ಸಾಕೆಂದರು. ಆ ಧೈರ್ಯ ಅವರದು, ನಿಜ. ಅದರ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ಎರಡು ವಾರ ಮೊದಲು ಮೊಹಾಲಿಯಲ್ಲಿ ಅವರ ಬದಲಿಗೆ ಬಂದ ಅಮಿತ್ ಮಿಶ್ರಾ ಮೊದಲ ಟೆಸ್ಟ್‌ನಲ್ಲೇ ಐದು ವಿಕೆಟ್ ಕಿತ್ತಿದ್ದರು, ಹರಭಜನ್ ಸಿಂಗ್ ತಂಡದಲ್ಲೇ ಇದ್ದರು. ರಣಜಿ ಟ್ರೋಫಿ ಎಂಬ ಹಳೆಯ ಕಣಜ ಕ್ರಿಕೆಟ್ಟಿಗಿದೆ. ಆ ಕಣಜ ಇಲ್ಲದ ಆಟದಲ್ಲಿ ಹಿರಿಯನೊಬ್ಬ ತಲೆಯೆತ್ತಿ ಹೊರನಡೆಯುವುದೂ ಕಷ್ಟವೇ.

ದೇಶದ ತಂಡದ ಮಾತು ಅಲ್ಲಿಗೆ ಸಾಕು. ಕ್ಲಬ್ ಆಟವನ್ನೂ ಚೆಟ್ರಿ ನಿಲ್ಲಿಸಬೇಕು ಎನ್ನುವವರ ವಾದ ಮಾತ್ರ ಪೂರ್ತಿ ಪೊಳ್ಳು. 2024-25ರ ಐಎಸ್‌ಎಲ್‌ನಲ್ಲಿ ಅವರು 14 ಗೋಲು ಹೊಡೆದರು. ಭಾರತೀಯರಲ್ಲಿ ಅದೇ ಅತಿ ಹೆಚ್ಚು. 2024ರ ಡಿಸೆಂಬರ್ 7ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದು, ಲೀಗ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಅತಿ ಹಿರಿಯರೆನಿಸಿದರು. ಅವರ ಕ್ಲಬ್ ಬೆಂಗಳೂರು ಎಫ್‌ಸಿ ಆ ಸಲ ಫೈನಲ್‌ಗೇರಿ ಮೋಹನ್ ಬಾಗನ್‌ಗೆ ಹೆಚ್ಚುವರಿ ಸಮಯದಲ್ಲಿ ಸೋತಿತು. ಸ್ವಂತ ದುಡ್ಡು ಹಾಕಿ ತಂಡ ನಡೆಸುವವರು 41ರ ಆಟಗಾರನಿಗೆ ಸಂಬಳ ಕೊಡಲು ತಯಾರಿದ್ದರೆ, ಅವನು ಗೋಲು ಹೊಡೆಯಲು ತಯಾರಿದ್ದರೆ, ಮೂರನೆಯವರಿಗೇನು ಕೆಲಸ? 2013ರಲ್ಲಿ ಕ್ಲಬ್ ಹುಟ್ಟಿದಾಗ ಬಂದವರು ಅವರು. ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಐಎಸ್‌ಎಲ್ ಪ್ರಶಸ್ತಿ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಅವರ ಹೆಸರು ಕೂಗುವುದು ಕರುಣೆಯಿಂದಲ್ಲ.

ಸಂಬಳದ ಮಾತು ಬಂತು. ಚೆಟ್ರಿಯ ಕೊನೆಯ ಆಟದ ದಿನಗಳನ್ನು ನಿಜಕ್ಕೂ ಕಿತ್ತುಕೊಂಡವರು ಯಾರು ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತದೆ. ಫೆಡರೇಷನ್ 2010ರಲ್ಲಿ ರಿಲಯನ್ಸ್ ಬಳಗದ ಜೊತೆ ಮಾಡಿಕೊಂಡ 15 ವರ್ಷದ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ್ದರೂ ಗೊತ್ತಾಗುತ್ತಿದ್ದ ದಿನಾಂಕ! ನವೀಕರಣದ ಬಗ್ಗೆ ಹೊತ್ತಿಗೆ ಸರಿಯಾಗಿ ತೀರ್ಮಾನವಾಗಲಿಲ್ಲ, ಫೆಡರೇಷನ್ನಿನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟ್‌ನಲ್ಲಿತ್ತು. ಜುಲೈನಲ್ಲಿ ಲೀಗ್ ಸ್ಥಗಿತಗೊಂಡಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಹೊಸ ಪಾಲುದಾರರಿಗಾಗಿ ಕರೆದ ಟೆಂಡರ್‌ಗೆ ನವೆಂಬರ್‌ನಲ್ಲಿ ಒಂದೂ ಬಿಡ್ ಬರಲಿಲ್ಲ. ಹೊಸ ವರ್ಷದ ಮೊದಲ ವಾರದಲ್ಲಿ ಚೆಟ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮೊದಲಾದವರು ವಿಡಿಯೊದಲ್ಲಿ ಬಂದು, ನಮ್ಮ ಆಟ ಉಳಿಸಿ ಎಂದು ಫಿಫಾಗೆ ಮೊರೆಯಿಟ್ಟರು. ದೇಶದ ಫೆಡರೇಷನ್ ಇದ್ದೂ ಆಟಗಾರರು ಜ್ಯೂರಿಕ್ ಕಡೆ ಕೈಚಾಚಬೇಕಾಯಿತು.

21ರ ಹುಡುಗ ಅರ್ಧ ವರ್ಷ ಆಡದೆ ಕೂತರೆ ಮುಂದೆ ತುಂಬಿಕೊಳ್ಳಬಹುದು. 41ರಲ್ಲಿ ಹಾಗಾಗದು. ಪಂದ್ಯವಿಲ್ಲದ ಒಂದೊಂದು ತಿಂಗಳೂ ಮಾಂಸಖಂಡದಲ್ಲಿ ಲೆಕ್ಕವಾಗುತ್ತದೆ. ಬಿಡುವಿನ ನಂತರ ಒಮ್ಮೆಲೇ ಪೂರ್ಣ ವೇಗಕ್ಕೆ ಏರುವಾಗಲೇ ತೊಡೆಯ ಹಿಂಬದಿಯ ಸ್ನಾಯು ಹರಿಯುವ ಅಪಾಯ ಹೆಚ್ಚು. ನಾಳೆ ಗಾಯದಿಂದ ಚೆಟ್ರಿ ಹೊರಬಿದ್ದರೆ ‘ವಯಸ್ಸಾಯಿತು, ಪಾಪ’ ಎಂಬ ಒಂದೇ ಮಾತಿನಲ್ಲಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಆರು ತಿಂಗಳು ಲೀಗ್ ಮುಚ್ಚಿದವರ ಹೆಸರು ಆ ವೈದ್ಯಕೀಯ ವರದಿಯಲ್ಲಿ ಇರುವುದಿಲ್ಲ.

ಹೆಸರುಗಳನ್ನು ಹುಡುಕುವುದೇನೂ ಕಷ್ಟವಲ್ಲ. 2022ರ ಆಗಸ್ಟ್‌ನಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣ ನೀಡಿ ಫಿಫಾ ಭಾರತವನ್ನು ಅಮಾನತು ಮಾಡಿತ್ತು. ಮುಂದಿನ ತಿಂಗಳು ನಡೆದ ಚುನಾವಣೆಯಲ್ಲಿ ಕಲ್ಯಾಣ್ ಚೌಬೆ 33-1 ಮತಗಳಿಂದ ಬೈಚುಂಗ್ ಭುಟಿಯಾ ಅವರನ್ನು ಸೋಲಿಸಿ ಅಧ್ಯಕ್ಷರಾದರು. ದೇಶ ಕಂಡ ಅತ್ಯುತ್ತಮ ಆಟಗಾರರಲ್ಲೊಬ್ಬರಿಗೆ ಒಂದು ಮತ! 2023ರ ಜುಲೈನಲ್ಲಿ ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದಾಗ ಭಾರತ ರ‍್ಯಾಂಕಿಂಗ್‌ನ ಮೊದಲ ನೂರರೊಳಗೆ ಬಂದಿತ್ತು. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತ ಮೇಲೆ 142ಕ್ಕೆ ಇಳಿಯಿತು. ಈ ಅವಧಿಯಲ್ಲಿ ಕೋಚ್ ಎರಡು ಬಾರಿ ಬದಲಾದರು. ಬದಲಾಗದೆ ಉಳಿದದ್ದು ಅಧ್ಯಕ್ಷರ ಕುರ್ಚಿ. ಆ ಕುರ್ಚಿಯ ನಿವೃತ್ತಿಯ ಬಗ್ಗೆ ಚರ್ಚೆ ಏಕೆ ಬಿಸಿಯೇರುವುದಿಲ್ಲ?

ಫೆಬ್ರವರಿ 14ರಿಂದ ಐಎಸ್‌ಎಲ್ ಶುರುವಾಗುತ್ತದೆ ಎಂದು 2026ರ ಜನವರಿಯಲ್ಲಿ ಘೋಷಿಸಿದವರು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ. ಫೆಡರೇಷನ್ ಮಾಡಬೇಕಿದ್ದ ಕೆಲಸಕ್ಕೆ ಸಚಿವಾಲಯವೇ ಇಳಿಯಬೇಕಾಯಿತು. 14 ತಂಡಗಳು ಪರಸ್ಪರ ಒಮ್ಮೆ ಮಾತ್ರ ಆಡುವ ಮೊಟಕು ಲೀಗ್: ಒಟ್ಟು 91 ಪಂದ್ಯ, ತಂಡಕ್ಕೆ 13. ಚೆಟ್ರಿ ಇವುಗಳಲ್ಲಿ ಎಷ್ಟು ಆಡಬೇಕು, ಇದೇ ಕೊನೆಯದೇ ಎಂಬುದನ್ನು ಅವರೂ ಅವರ ಕ್ಲಬ್ಬೂ ತೀರ್ಮಾನಿಸಿಕೊಳ್ಳಲಿ. ಫೆಡರೇಷನ್ ಹೇಳಬೇಕಾದದ್ದು ಬೇರೆಯಿದೆ. ಈ 91 ಪಂದ್ಯಗಳಲ್ಲಿ ಗೋಲಿನ ಮುಂದಿನ ಸ್ಥಾನದಲ್ಲಿ ಮೊದಲ ನಿಮಿಷದಿಂದ ಎಷ್ಟು ಭಾರತೀಯರು ಆಡಿದರು, ಅವರಲ್ಲಿ 23 ವರ್ಷದೊಳಗಿನವರು ಎಷ್ಟು ಮಂದಿ, ಮುಂದಿನ ವರ್ಷ ಆ ಸಂಖ್ಯೆಯನ್ನು ಹೆಚ್ಚಿಸಲು ವಿದೇಶಿ ಆಟಗಾರರ ನಿಯಮದಲ್ಲಿ ಏನು ಬದಲಿಸುತ್ತಾರೆ. ಲೀಗ್ ಮುಗಿದ ತಿಂಗಳೊಳಗೆ ಈ ಲೆಕ್ಕ ಪ್ರಕಟವಾಗಬೇಕು, ಅದಕ್ಕೆ ಅಧ್ಯಕ್ಷರ ಸಹಿ ಇರಬೇಕು.