ಸಿನಿಮಾ ಇರಲಿ, ಆದರೆ ಬಸ್ ತಪ್ಪದಿರಲಿ

ಪರೀಕ್ಷೆ ಮುಗಿದ ದಿನ ನಮ್ಮ ತರಗತಿಯಲ್ಲಿ ಮೊದಲು ಕೇಳುವ ಮಾತು, ‘ಸಂಜೆ ಪಿಕ್ಚರ್‌ಗೆ ಹೋಗೋಣ ನಡಿ’. ಯಾಕೆ ಎಂದರೆ ಎಲ್ಲರ ಉತ್ತರ ಒಂದೇ: ದಿನಾ ಈ ಟ್ರಾಫಿಕ್‌ನಲ್ಲಿ ತಲೆ ಕೆಡುತ್ತದೆ, ಮೂರು ತಾಸು ಎಲ್ಲ ಮರೆತು ಕೂಡಬೇಕು. ಅವರ ಬೇಸರ ಸುಳ್ಳಲ್ಲ. ಆದರೆ ಸಂಜೆಯ ಸಿನಿಮಾ ಅದಕ್ಕೆ ಮದ್ದು ಎಂಬುದನ್ನು ನಾನು ಒಪ್ಪುವುದಿಲ್ಲ.

ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಕಲಬುರಗಿ ಅಷ್ಟು ದೊಡ್ಡ ಊರಲ್ಲ. ಆದರೂ ಸಂಜೆ ಸೂಪರ್ ಮಾರ್ಕೆಟ್, ಜಗತ್ ವೃತ್ತದ ಕಡೆ ಆಟೋ, ಟಂಟಂ, ಬೈಕ್, ತಳ್ಳುಗಾಡಿ ಎಲ್ಲ ಒಂದೇ ಸಲ ಸೇರಿದಾಗ ಕಾಲಿಡಲು ಜಾಗ ಇರುವುದಿಲ್ಲ. ಬಸ್ ಹಿಡಿಯಬೇಕಾದವರಿಗೆ ಅಲ್ಲಿ ಹೋಗುವ ಹತ್ತು ನಿಮಿಷವೇ ದೊಡ್ಡದು.

ನಾನು ದಿನಾ ಕಮಲಾಪುರದಿಂದ ಬರುವವನು. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಸಂಜೆಯ ಆಟಕ್ಕೆ ಹೋದರೆ ಮಗ್ರಿಬ್ ನಮಾಜ್ ಟಾಕೀಸಿನೊಳಗೇ ತಪ್ಪುತ್ತದೆ. ಹೊರಗೆ ಬರುವಾಗ ರಾತ್ರಿ ಒಂಬತ್ತು. ಯಾವ ಗದ್ದಲ ಮರೆಯಲು ಹೋಗಿದ್ದೆವೋ ಅದೇ ಗದ್ದಲ ಬಾಗಿಲಲ್ಲಿ ಕಾದಿರುತ್ತದೆ. ಆಮೇಲೆ ಬಸ್ಸಿನ ಚಿಂತೆ. ನಮ್ಮ ಸಹಪಾಠಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತ. ಆದರೆ ಅಷ್ಟು ಹೊತ್ತಿನಲ್ಲಿ ಬರಲು ಮನೆಯ ಒಪ್ಪಿಗೆ ಸಿಗುವುದಿಲ್ಲ. ಹೀಗಾಗಿ ಸಂಜೆಯ ಸಿನಿಮಾ ಕೊನೆಗೆ ಊರೊಳಗಿನ ಹುಡುಗರ ಪಾಲಿಗಷ್ಟೇ ಉಳಿಯುತ್ತದೆ.

ಬಸ್ ಬೇಡ, ಬೈಕ್ ಇದೆಯಲ್ಲ ಎನ್ನುವವರೂ ಇದ್ದಾರೆ. ಒಂದೇ ಬೈಕ್ ಮೇಲೆ ಮೂವರು, ಒಬ್ಬನಿಗೂ ಲೈಸೆನ್ಸ್ ಇಲ್ಲ. ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ನಮ್ಮ ಒಂದು ಸಂಜೆಯ ಮೋಜಿಗೆ ಅಬ್ಬಾ ಕೋರ್ಟ್ ಮೆಟ್ಟಿಲು ಹತ್ತಬೇಕೇ?

ಹಾಗಾದರೆ ಸಿನಿಮಾ ಬೇಡವೇ? ಬೇಕು. ನನ್ನ ಸಲಹೆ ಇಷ್ಟೇ: ತಿಂಗಳಿಗೊಂದು ಶನಿವಾರ ಜುಹರ್ ನಮಾಜ್ ಆದ ಮೇಲೆ ಕಾಲೇಜಿನ ಸಭಾಂಗಣದಲ್ಲೇ ಒಂದು ಒಳ್ಳೆಯ ಚಿತ್ರ ತೋರಿಸಲಿ. ಪ್ರೊಜೆಕ್ಟರ್ ಹೇಗೂ ಇದೆ. ಗದ್ದಲ ಶುರುವಾಗುವ ಮೊದಲೇ ಹಳ್ಳಿಯ ಮಕ್ಕಳು ಬಸ್ ನಿಲ್ದಾಣ ಸೇರಬಹುದು.

ಸಿನಿಮಾ ಎಂದರೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರ ಮಾತಿನಲ್ಲಿ ಕಾಳಜಿ ಇದೆ. ಅದಕ್ಕಾಗಿಯೇ ಚಿತ್ರವನ್ನು ಉಪನ್ಯಾಸಕರು ಮೊದಲು ನೋಡಿ ಆರಿಸಲಿ. ಗಿರೀಶ ಕಾಸರವಳ್ಳಿ ಅವರ ‘ಹಸೀನಾ’ ಬಾನು ಮುಷ್ತಾಕ್ ಅವರ ಕಥೆಯಿಂದ ಬಂದದ್ದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಲೇಖಕಿ ಅವರು. ಕಾಸರವಳ್ಳಿ ಅವರದೇ ‘ಗುಲಾಬಿ ಟಾಕೀಸ್’ ಚಿತ್ರದ ಗುಲಾಬಿ ಕರಾವಳಿಯ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಎಂದರೆ ಪ್ರಾಣ. ಅವಳ ಮನೆಗೆ ಟಿ.ವಿ. ಬಂದಾಗ ನೆರೆಹೊರೆಯ ಹೆಂಗಸರು ಅಲ್ಲಿ ಸೇರುತ್ತಾರೆ. ಆ ಪಾತ್ರಕ್ಕೆ ಉಮಾಶ್ರೀ, ಹಸೀನಾಳ ಪಾತ್ರಕ್ಕೆ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮಂಥ ಮನೆಗಳ ಕಥೆ ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬಂದಿರುವಾಗ ನಾವೇ ನೋಡದಿದ್ದರೆ ಹೇಗೆ?

ಟ್ರಾಫಿಕ್ ಸರಿಪಡಿಸುವುದು ಪಾಲಿಕೆ, ಪೊಲೀಸರ ಕೆಲಸ. ಒಂದು ಮಧ್ಯಾಹ್ನವನ್ನು ಎಲ್ಲರಿಗೂ ಸಿಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಪ್ರಾಂಶುಪಾಲರು, ವಿದ್ಯಾರ್ಥಿ ಸಂಘದವರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಬೇಕೆಂದು ವಿನಂತಿ.