ಕರಗುವುದು ಸ್ಟೆಂಟ್ ಅಲ್ಲ, ಮಾತ್ರೆ ಬಿಡಬೇಡಿ

ಆಂಜಿಯೋಪ್ಲಾಸ್ಟಿಗೆ ಬರುವ ಗೋರ್ವಾದ ನಮ್ಮ ಕನ್ನಡದ ಮನೆಯವರು ಮೊದಲು ಕೇಳುವುದು ಒಂದೇ: "ಡಾಕ್ಟ್ರೇ, ಫಾರಿನ್ ಸ್ಟೆಂಟೇ ಹಾಕ್ತೀರಲ್ಲ?" ಮಾತ್ರೆ ಎಷ್ಟು ದಿನ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಫಾರಿನ್ ಚಿಂತೆ ಬಿಡಿ. ಇಲ್ಲಿಂದ ರೈಲಿನಲ್ಲಿ ಎರಡು ತಾಸಿನ ದಾರಿ ಸೂರತ್. ಅಲ್ಲಿನ ಸಹಜಾನಂದ ಕಂಪನಿಯ ಸುಪ್ರಾಫ್ಲೆಕ್ಸ್ ಸ್ಟೆಂಟನ್ನು ಯುರೋಪಿನ 23 ಆಸ್ಪತ್ರೆಗಳಲ್ಲಿ, 1,435 ರೋಗಿಗಳಲ್ಲಿ, ಹೆಸರಾಂತ ವಿದೇಶಿ ಸ್ಟೆಂಟ್ ಕ್ಸಿಯೆನ್ಸ್ ಜೊತೆ ಹೋಲಿಸಿದರು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಒಂದು ವರ್ಷದಲ್ಲಿ ಸ್ಟೆಂಟಿಗೆ ಸಂಬಂಧಿಸಿದ ಗಂಭೀರ ತೊಂದರೆ ಸೂರತ್ತಿನದರಲ್ಲಿ ಶೇ. 4.9, ವಿದೇಶಿಯದರಲ್ಲಿ ಶೇ. 5.3. ಅಂದರೆ ಎರಡೂ ಸರಿಸಮ. ಬೆಲೆಗೂ 2017ರ ಫೆಬ್ರವರಿಯಲ್ಲೇ ಸರ್ಕಾರ ಮಿತಿ ಹಾಕಿದೆ. ಔಷಧ ಲೇಪಿತ ಸ್ಟೆಂಟಿಗೆ ಆಗ 29,600 ರೂಪಾಯಿ. ದೇಶಿಗೂ ವಿದೇಶಿಗೂ ಒಂದೇ. ನಂತರ ಆ ಮಿತಿ ಪರಿಷ್ಕರಣೆಯಾಗಿದೆ. ನಿಮ್ಮ ರಕ್ತನಾಳಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರಿಗೆ ಬಿಡಿ.

ಈಗ ಮುಖ್ಯ ಮಾತು. ಇಂಥ ಸ್ಟೆಂಟನ್ನು ಜನ "ಕರಗುವ ಸ್ಟೆಂಟ್" ಎನ್ನುತ್ತಾರೆ. ಅದು ತಪ್ಪು. ಒಳಗಿನ ಕೋಬಾಲ್ಟ್ ಕ್ರೋಮಿಯಂ ಲೋಹದ ಜಾಲರಿ ಜೀವಮಾನವಿಡೀ ಹಾಗೇ ಇರುತ್ತದೆ. ಕರಗುವುದು ಅದರ ಮೇಲಿನ ತೆಳು ಪಾಲಿಮರ್ ಲೇಪನ ಮಾತ್ರ. ಅದು ಸಿರೋಲಿಮಸ್ ಔಷಧವನ್ನು ನಿಧಾನವಾಗಿ ಬಿಟ್ಟು, ನಾಳ ಮತ್ತೆ ಕಟ್ಟದಂತೆ ನೋಡಿಕೊಂಡು, ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಅಷ್ಟರಲ್ಲಿ ಜಾಲರಿಯ ಮೇಲೆ ನಾಳದ ಒಳಪದರ ಬೆಳೆಯಬೇಕು. ಬೆಳೆಯುವ ಮುಂಚೆ ಮಾತ್ರೆ ನಿಲ್ಲಿಸಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು.

ನನ್ನ ರೋಗಿಯೊಬ್ಬರು, ಹಿರಿಯರು, ಮೂರನೇ ತಿಂಗಳಲ್ಲಿ ಮದುವೆಗೆಂದು ಊರಿಗೆ ಹೋದರು. ಮಾತ್ರೆ ಮುಗಿಯಿತು. "ಎದೆ ನೋವಿಲ್ಲ, ಸ್ಟೆಂಟೂ ಕರಗಿರತ್ತೆ" ಎಂದು ಸುಮ್ಮನಾದರು. ಹತ್ತು ದಿನದಲ್ಲಿ ಹಾರ್ಟ್ ಅಟ್ಯಾಕ್. ಜೀವ ಉಳಿಯಿತು, ಆದರೆ ಹೃದಯದ ಬಲ ಅರ್ಧಕ್ಕೆ ಇಳಿಯಿತು. ಆ ಮನೆಯವರಿಗೆ ಮೊದಲೇ ಇನ್ನೂ ಬಿಡಿಸಿ ಹೇಳಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದಕ್ಕೇ ಈ ಬರಹ.

ನೆನಪಿಡಿ:

▪️ ಆಸ್ಪಿರಿನ್ ಸಾಮಾನ್ಯವಾಗಿ ಜೀವನಪೂರ್ತಿ.
▪️ ಕ್ಲೋಪಿಡೋಗ್ರೆಲ್, ಟಿಕಾಗ್ರೆಲರ್‌ನಂಥ ಎರಡನೇ ಮಾತ್ರೆ ಸಾಮಾನ್ಯವಾಗಿ 6 ತಿಂಗಳು. ಹಾರ್ಟ್ ಅಟ್ಯಾಕ್ ಆದವರಿಗೆ 12 ತಿಂಗಳು. ರಕ್ತಸ್ರಾವದ ಭಯವಿದ್ದರೆ ವೈದ್ಯರೇ ಕಡಿಮೆ ಮಾಡುತ್ತಾರೆ.
▪️ ಹಲ್ಲು ಕೀಳಿಸುವ ಮೊದಲು, ಬೇರೆ ಆಪರೇಷನ್‌ಗೆ ಮೊದಲು ಹೃದಯದ ವೈದ್ಯರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ.
▪️ ಊರಿಗೆ ಹೊರಟಾಗ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರಲಿ. ಚೀಟಿಯ ಫೋಟೋ ಫೋನಿನಲ್ಲಿರಲಿ.

ಅಪ್ಪ, ಅಮ್ಮ, ಮಾವ ಯಾರಿಗೇ ಸ್ಟೆಂಟ್ ಹಾಕಿದ್ದರೂ ಇವತ್ತೇ ಫೋನ್ ಮಾಡಿ, ಒಂದೇ ಮಾತು ಕೇಳಿ: "ಮಾತ್ರೆ ತಗೊಂಡ್ರಾ?"