ಗಡಿಯಾರಕ್ಕೊಂದು ಕಾವಲುನಾಯಿ

ಲಿನಕ್ಸ್ ಬಳಸುವ ಗೆಳೆಯರ ನಡುವೆ ಒಂದು ಸಲಹೆ ಆಗಾಗ ಓಡಾಡುತ್ತಿರುತ್ತದೆ. 'ಟಿಎಸ್‌ಸಿ ಗಡಿಯಾರ ಅಸ್ಥಿರವಾಗಿದೆ' ಅಂತ ಕರ್ನಲ್ ಗೊಣಗಿದರೆ ಬೂಟ್ ಸಾಲಿಗೆ 'ಟಿಎಸ್‌ಸಿ=ರಿಲಯಬಲ್' ಸೇರಿಸಿಬಿಡಿ, ಗೊಣಗಾಟ ನಿಲ್ಲುತ್ತದೆ, ಯಂತ್ರವೂ ಚುರುಕಾಗುತ್ತದೆ ಅಂತ. ನನಗಿದು ಒಂಚೂರೂ ಸರಿ ಕಾಣೋದಿಲ್ಲ. ನಾಯಿ ಬೊಗಳಿತು ಅಂತ ಕಳ್ಳನನ್ನು ಬಿಟ್ಟು ನಾಯಿಯ ಬಾಯಿ ಕಟ್ಟಿದ ಹಾಗಾಯಿತು. (ಕರ್ನಲ್‌ನಲ್ಲಿ ಆ ಕೋಡ್‌ನ ಹೆಸರೂ ವಾಚ್‌ಡಾಗ್!)

ಟಿಎಸ್‌ಸಿ ಅಂದರೆ ಪ್ರೊಸೆಸರ್ ಒಳಗೇ ಇರುವ ಎಣಿಕೆ. ಓದುವುದು ಬಲು ಬೇಗ. ಆದರೆ 2005ರಲ್ಲಿ ಬಂದ ಅಥ್ಲಾನ್ 64 ಎಕ್ಸ್2ನಂಥ ಯಂತ್ರಗಳಲ್ಲಿ ಒಂದು ಕೋರ್‌ನ ಎಣಿಕೆಗೂ ಇನ್ನೊಂದರದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಪ್ರೋಗ್ರಾಂ ಈ ಕೋರ್‌ನಿಂದ ಆ ಕೋರ್‌ಗೆ ಹಾರಿದರೆ ಕಾಲ ಹಿಂದಕ್ಕೆ ಹೋದಂತೆ ಕಾಣುತ್ತಿತ್ತು. ಅದಕ್ಕೇ ಕರ್ನಲ್ ಅರ್ಧ ಸೆಕೆಂಡಿಗೊಮ್ಮೆ ಇನ್ನೊಂದು ಗಡಿಯಾರದ ಜೊತೆ ಹೋಲಿಸಿ ನೋಡುತ್ತದೆ, ತೀರಾ ಸರಿದಿದ್ದರೆ ಟಿಎಸ್‌ಸಿಯನ್ನು ಕೈಬಿಡುತ್ತದೆ.

ಆ ಇನ್ನೊಂದು ಗಡಿಯಾರವೇನೂ ಸಾಚಾ ಅಲ್ಲ. ಇಂಟೆಲ್‌ನ ಪಿಐಐಎಕ್ಸ್4, ಐಸಿಎಚ್4 ಚಿಪ್‌ಸೆಟ್‌ಗಳಲ್ಲಿ ಎಸಿಪಿಐ ಟೈಮರ್ ಎಣಿಕೆ ಬದಲಾಗುವ ಗಳಿಗೆಯಲ್ಲೇ ಓದಿದರೆ ಅಸಂಬದ್ಧ ಸಂಖ್ಯೆ ಬರುತ್ತಿತ್ತು. ಲಿನಕ್ಸ್ ಮಾಡಿದ್ದು ನಮ್ಮಜ್ಜಿ ದುಡ್ಡು ಎಣಿಸಿದ ಹಾಗೆ: ಮೂರು ಸಲ ಓದು, ಮೂರೂ ಕ್ರಮವಾಗಿದ್ದರೆ ನಡುವಿನದನ್ನು ಒಪ್ಪಿಕೋ, ಇಲ್ಲದಿದ್ದರೆ ಮತ್ತೆ ಓದು. ಆಲ್‌ವಿನ್ನರ್ ಎ64 ಚಿಪ್‌ನದ್ದು ಇನ್ನೂ ತಮಾಷೆ. ಅದರಲ್ಲಿ ಕಾಲ ಇದ್ದಕ್ಕಿದ್ದಂತೆ 95 ವರ್ಷ ಮುಂದಕ್ಕೆ ನೆಗೆಯುತ್ತಿತ್ತು! ಎಣಿಕೆಯ ಕೊನೆಯ ಬಿಟ್‌ಗಳೆಲ್ಲ ಸೊನ್ನೆಯೋ ಒಂದೋ ಆಗಿದ್ದರೆ ಮತ್ತೊಮ್ಮೆ ಓದುವ ಉಪಾಯ 2019ರಲ್ಲಿ ಕರ್ನಲ್‌ಗೆ ಸೇರಿತು.

ಅಗ್ಗದ ಚಿಪ್‌ಗಳ ಮಾತು ಬಿಡಿ. ನಮ್ಮ ವಿರೂಪಾಕ್ಷಿಪುರದ ಕಡೆಯಿಂದ ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಒಳಕ್ಕೆ ತಿರುಗಿದರೆ ಬ್ಯಾಲಾಳು ಸಿಗುತ್ತದೆ. ನಮ್ಮ ದಿಕ್ಸೂಚಿ ಉಪಗ್ರಹಗಳ ಸಮಯ ನೋಡಿಕೊಳ್ಳುವ ಇಸ್ರೋ ಕೇಂದ್ರ 2013ರಿಂದ ಅಲ್ಲಿದೆ. ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿದ್ದದ್ದು ಮೂರು ರುಬಿಡಿಯಂ ಪರಮಾಣು ಗಡಿಯಾರ, ಮೂರೂ ಕೈಕೊಟ್ಟವು. ಮೇಲಿನ ಗಡಿಯಾರ ಎಷ್ಟು ಸರಿದಿದೆ ಅನ್ನುವುದು ನೆಲದ ಗಡಿಯಾರದ ಜೊತೆ ಹೋಲಿಸಿದರೆ ತಾನೇ ಗೊತ್ತಾಗುವುದು?

ಎದುರು ವಾದದಲ್ಲೂ ಹುರುಳಿದೆ, ಒಪ್ಪುತ್ತೇನೆ. ಟಿಎಸ್‌ಸಿ ಬಿಟ್ಟು ಎಚ್‌ಪಿಇಟಿ ಹಿಡಿದರೆ ಸಮಯ ಓದುವುದೇ ಭಾರವಾಗಿ, ಡೇಟಾಬೇಸ್ ಸರ್ವರ್‌ಗಳು ಏದುಸಿರು ಬಿಡುತ್ತವೆ. ಯಂತ್ರಕ್ಕೆ ಕೆಲಸ ಹೆಚ್ಚಾದಾಗ ಕಾವಲುನಾಯಿಯೇ ತಡವಾಗಿ ಎದ್ದು ಒಳ್ಳೆಯ ಗಡಿಯಾರದ ಮೇಲೆ ಬೊಗಳಿದ್ದೂ ಉಂಟು. ಅದಕ್ಕೆ 2021ರಲ್ಲಿ ಮತ್ತೆ ಓದಿ ಖಾತ್ರಿ ಮಾಡಿಕೊಳ್ಳುವ ಕೋಡ್ ಬಂತು. ನಂಬಬಹುದಾದ ಹೊಸ ಪ್ರೊಸೆಸರ್‌ಗಳಲ್ಲಿ ಕರ್ನಲ್ ತಾನೇ ಈ ಕಾವಲು ತೆಗೆಯುತ್ತದೆ. ಅದು ಹಾರ್ಡ್‌ವೇರ್ ಗುರುತು ಹಿಡಿದು ಮಾಡುವ ತೀರ್ಮಾನ. ಹಳೇ ಡಬ್ಬಾಕ್ಕೆ ನಾವೇ 'ರಿಲಯಬಲ್' ಅಂತ ಚೀಟಿ ಅಂಟಿಸುವುದು ಬೇರೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆಯುತ್ತದೆ. ಅಂಥ ಕಡೆ ಯಾರ ಕೂಗು ಮೊದಲು ಬಂತು ಅಂತ ಬರೆದುಕೊಳ್ಳುವ ಸರ್ವರ್‌ನಲ್ಲಿ ಕಾಲ ಒಂದಿಷ್ಟು ಹಿಂದೆ ಸರಿದರೆ ನಷ್ಟ ಆಗುವುದು ಗೂಡು ತಂದ ರೈತನಿಗೆ. ಅವನಿಗೆ ಟಿಎಸ್‌ಸಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಅಂದ ಹಾಗೆ, ನಿಮ್ಮ ಯಂತ್ರದಲ್ಲಿ ಈಗ ಓಡುತ್ತಿರುವುದು ಯಾವ ಗಡಿಯಾರ? ನೋಡಿ ಹೇಳ್ತೀರಾ?